ಗಿರಿ ಹತ್ತುವ ಮುಂಚೆ ರೇಡಿಯೇಟರ್ ಮುಚ್ಚಳ ನೋಡಿ

ಸದಸ್ಯರ ಗಮನಕ್ಕೆ: 796 ಸಿಸಿ, ಮೂರು ಸಿಲಿಂಡರ್ ಪೆಟ್ರೋಲ್ ಗಾಡಿಯಲ್ಲಿ ಮುಳ್ಳಯ್ಯನಗಿರಿಗೆ ಹೊರಟವರು ಇದನ್ನು ಓದಿಯೇ ಹೊರಡಿ.

ಶಿಖರದ ಎತ್ತರ ಸುಮಾರು 1930 ಮೀಟರ್. ಅಲ್ಲಿ ತೆರೆದ ಪಾತ್ರೆಯ ನೀರು 94 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒಂದು, ಎರಡನೇ ಗೇರಿನಲ್ಲಿ ಏರುವಾಗ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಕುದಿಯದಂತೆ ತಡೆಯುವುದು ಮುಚ್ಚಳ ಹಿಡಿದಿಡುವ ಒತ್ತಡ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮುಚ್ಚಳ ತೆಗೆದು ಒಳಗಿನ ರಬ್ಬರ್ ವಾಷರನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಅಂಚು ಸೀಳಿದ್ದರೆ ಅದೇ ಒತ್ತಡದ ಗುರುತಿರುವ ಹೊಸದನ್ನು ಹಾಕಿ. ದುಬಾರಿಯೇನಲ್ಲ, ದಯವಿಟ್ಟು ಮುಂದೂಡಬೇಡಿ.

ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಗಾಢ ಕೂಲಂಟಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ. ತುಂಬುವಾಗ ಹೀಟರ್ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದೇ ಇಂಜಿನ್ ಐಡಲಿಂಗಿನಲ್ಲಿ ಬಿಟ್ಟು, ಮೇಲಿನ ಹೋಸನ್ನು ಮೆಲ್ಲಗೆ ಹಿಚುಕುತ್ತಿರಿ. ಗುಳ್ಳೆ ನಿಲ್ಲುವವರೆಗೂ ಗಾಳಿ ಒಳಗಿದೆ ಎಂದೇ ಅರ್ಥ.

ದಾರಿಯಲ್ಲಿ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಪಕ್ಕಕ್ಕೆ ನಿಲ್ಲಿಸಿ. ಬಿಸಿ ಮುಚ್ಚಳ ಮುಟ್ಟಬೇಡಿ, ತಣ್ಣೀರು ಸುರಿಯಬೇಡಿ: ಅಲ್ಯೂಮಿನಿಯಂ ಹೆಡ್ (ಇಂಜಿನ್ನಿನ ಮೇಲ್ಭಾಗ) ಸೊಟ್ಟಗಾಗಿ ಅದರಡಿಯ ಸೀಲಾದ ಗ್ಯಾಸ್ಕೆಟ್ ಹೋಗುತ್ತದೆ. ಆಮೇಲೆ ಡಿಪ್‌ಸ್ಟಿಕ್ಕಿನಲ್ಲಿ (ಆಯಿಲ್ ಅಳೆಯುವ ಕಡ್ಡಿ) ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ಕೂಲಂಟ್ ಸೇರಿದೆ ಎಂದೇ ಅರ್ಥ; ಸ್ಟಾರ್ಟ್ ಮಾಡದೆ ಎಳೆಸಿಕೊಂಡೇ ಬನ್ನಿ.