ಮರ ತೆಗೆದ ಕೂಡಲೇ ಗೇಟು ತೆಗೆಯಬೇಡ

ಉಡುಪಿ

ಗೆಳೆಯಾ,

ಗಾಳಿಮಳೆ ಕಳೆದ ಮೇಲೆ ನೀನು ಕಳಿಸಿದ ನಿನ್ನ ಮೀನಿನ ಕೆರೆಯ ಫೋಟೋ ಎಲ್ಲ ನೋಡಿ ಆಯಿತು. ದಂಡೆ ಮೇಲಿನ ಅಕೇಶಿಯಾ ಬುಡಸಮೇತ ಮಗುಚಿದೆ, ಎರಡು ಗಾಳಿಮರ ಕೆರೆಯೊಳಗೆ, ಕೋಡಿಯ ಪಕ್ಕ ಮಣ್ಣು ಜರಿದಿದೆ, ಕರೆಂಟಿಲ್ಲ. ಶನಿವಾರದೊಳಗೆ ಮರ ಕಡಿಸಿ ಭಾನುವಾರ ಟಿಕೆಟ್ ಕೊಟ್ಟು ಗಾಳ ಹಾಕಲು ಬರುವವರನ್ನು ಒಳಗೆ ಬಿಡಬಹುದಾ ಅಂತ ಕೇಳಿದ್ದಿ. ಬೇಡ ಮಾರಾಯ. ಬಿದ್ದ ಮರ ಕಣ್ಣಿಗೆ ಕಾಣ್ತದೆ, ಅದನ್ನು ತೆಗೆದರೆ ಕೆಲಸ ಮುಗಿದ ಹಾಗೆ ಅನಿಸ್ತದೆ. ಮೀನು ಸಾಯುವುದು ಆಮೇಲೆ, ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದಾಗ. ಬ್ರಹ್ಮಾವರದಿಂದ ಮೂಲ್ಕಿವರೆಗೆ ಕೆರೆ ಇಟ್ಟವರೆಲ್ಲ ಇದನ್ನೇ ಕೇಳ್ತಾರೆ, ಹಾಗಾಗಿ ಉತ್ತರವನ್ನು ಎಲ್ಲರೂ ಓದುವಲ್ಲೇ ಹಾಕ್ತಿದ್ದೇನೆ.

ಏನನ್ನೂ ಅಲುಗಿಸುವ ಮೊದಲು ತಾರೀಕು ಬೀಳುವ ಹಾಗೆ ಇನ್ನಷ್ಟು ಫೋಟೋ ತೆಗಿ. ಪರಿಹಾರಕ್ಕೋ ವಿಮೆಗೋ ಅರ್ಜಿ ಹಾಕುವಾಗ ಚೊಕ್ಕ ಮಾಡಿದ ಕೆರೆ ತೋರಿಸಿದರೆ ಯಾರೂ ನಂಬುವುದಿಲ್ಲ.

ಮತ್ತೆ ಕರೆಂಟ್. ತಂತಿ ಮೇಲೆ ತೆಂಗಿನ ಮಡಲು ನೇತಾಡ್ತಿದ್ದರೆ 1912ಕ್ಕೆ ಫೋನ್ ಮಾಡಿ, ಮೆಸ್ಕಾಂನವರು ಬರುವವರೆಗೆ ಆ ಬದಿಗೆ ಆಳುಗಳನ್ನೂ ಕಳಿಸಬೇಡ. ಜನರೇಟರ್ ಇಡುವುದಾದರೆ ಚೇಂಜ್‌ಓವರ್ ಸ್ವಿಚ್ ಮೂಲಕವೇ ಕೊಡು. ಸಾಕೆಟ್‌ಗೆ ಸಿಕ್ಕಿಸಿದರೆ ಕರೆಂಟ್ ಹಿಂದಕ್ಕೆ ಲೈನಿಗೆ ಹೋಗಿ ಕಂಬ ಹತ್ತಿದ ಲೈನ್‌ಮನ್‌ನ ಜೀವಕ್ಕೆ ಕುತ್ತು. ಮುಳುಗಿದ ಏರಿಯೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಮೋಟಾರನ್ನು ಮೇಲಿಂದ ಒರೆಸಿ ಚಾಲೂ ಮಾಡುವುದು ದೊಡ್ಡ ಪೆದ್ದುತನ. ವೈಂಡಿಂಗ್ ಒಣಗಿಸಿ, 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದು, ವೈಂಡಿಂಗ್‌ಗೂ ಬಾಡಿಗೂ ನಡುವೆ ಕಡಿಮೆಯೆಂದರೆ 1 ಮೆಗಾಓಮ್ ಬಂದ ಮೇಲೆ ಮಾತ್ರ ಸಪ್ಲೈ ಕೊಡು; 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಸಪ್ಲೈ ಕಡಿಯುವ ಸ್ವಿಚ್, ಇರಲೇಬೇಕು. ಇನ್ನೊಂದು ತಂಟೆ: ಲೈನ್ ರಿಪೇರಿ ಮಾಡುವಾಗ ಎರಡು ಫೇಸ್ ಅದಲುಬದಲಾದರೆ ಏರಿಯೇಟರಿನ ಚಕ್ರ (ಪ್ಯಾಡಲ್‌ವೀಲ್) ಉಲ್ಟಾ ತಿರುಗ್ತದೆ. ನೀರು ಚಿಮ್ಮುವುದು ನೋಡಿ ಎಲ್ಲ ಸರಿ ಉಂಟು ಅಂದುಕೊಂಡುಬಿಡ್ತಾರೆ. ಮೋಟಾರಿನ ಮೇಲಿನ ಬಾಣದ ಗುರುತಿಗೆ ತಾಳೆ ನೋಡು. ಉಲ್ಟಾ ಇದ್ದರೆ ಮೇನ್ ಆಫ್ ಮಾಡಿ ಸ್ಟಾರ್ಟರ್‌ನಲ್ಲಿ ಯಾವುದಾದರೂ ಎರಡು ವಯರ್ ಬದಲಿಸಿದರೆ ಆಯಿತು.

ಬುಡಸಮೇತ ಮಗುಚಿದ ಮರದ ಕಾಂಡವನ್ನು ಕೊಯ್ದ ಕ್ಷಣಕ್ಕೆ ಬೇರಿನ ಗಡ್ಡೆ ಮಣ್ಣುಸಮೇತ ಹಿಂದಕ್ಕೆ ಗುಂಡಿಗೆ ಬೀಳುವುದುಂಟು, ಆ ಗುಂಡಿಯಲ್ಲಿ ಯಾರೂ ಇಳಿದಿರಬಾರದು. ಬಾಗಿ ಬಿಗಿದುಕೊಂಡಿರುವ ಕೊಂಬೆಗೆ ಮೊದಲು ಒಳಬದಿಯಲ್ಲಿ ಸಣ್ಣ ಗೀರು ಹಾಕಿ ಆಮೇಲೆ ಹೊರಬದಿಯಿಂದ ಕೊಯ್ಯಬೇಕು. ಒಂದೇ ಏಟಿಗೆ ಹೊರಗಿನಿಂದ ಕೊಯ್ದರೆ ಸೀಳಿ ಎದೆಗೇ ಬಡಿಯುತ್ತದೆ. ನೀರಲ್ಲಿ ಬಿದ್ದ ಮರ ಎಳೆಯುವಾಗ ದಂಡೆಯ ಇಳಿಜಾರಿಗೆ ಅಡಿಕೆ ಮರದ ತುಂಡು ಅಡ್ಡ ಹಾಸಿಕೊಳ್ಳಿ, ಇಲ್ಲದಿದ್ದರೆ ಇರುವ ದಂಡೆಯೂ ಕಿತ್ತು ಬರ್ತದೆ. ಆದರೆ ಮರಕ್ಕಿಂತ ಮೊದಲು ತೆಗೆಯಬೇಕಾದದ್ದು ಎಲೆ. ಕಾಂಡ ತಿಂಗಳುಗಟ್ಟಲೆ ನೀರಲ್ಲಿದ್ದರೂ ಗಾಳ ಸಿಕ್ಕಿಕೊಳ್ಳುವುದು ಬಿಟ್ಟರೆ ಹೆಚ್ಚು ಕೇಡಿಲ್ಲ. ಹಸಿ ಎಲೆಯ ರಾಶಿ ವಾರದೊಳಗೆ ಕೊಳೆಯಲು ಶುರುವಾಗಿ ನೀರಿನ ಆಮ್ಲಜನಕವನ್ನೆಲ್ಲ ಹೀರ್ತದೆ. ಅಕೇಶಿಯಾದ್ದಾದರೆ ನೀರು ಚಹಾದ ಬಣ್ಣಕ್ಕೆ ತಿರುಗ್ತದೆ. ಬಲೆ ಹಾಕಿ ಬಾಚಿಸು. ಕೆಲಸದವರಿಗೆ ಗಮ್‌ಬೂಟು, ಕೈಗವಸು ಕೊಡು. ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಇಲಿಜ್ವರದ ಕಾಟ ನಿನಗೆ ಗೊತ್ತೇ ಉಂಟು, ಕಾಲಲ್ಲಿ ಗಾಯ ಇದ್ದವರನ್ನು ಕೆಸರಿಗೆ ಇಳಿಸಬೇಡ. ತರಗೆಲೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಲಿ, ಕೊಳಕುಮಂಡಲ ಅಂಥ ಕಡೆಯೇ ಇರ್ತದೆ.

ದಂಡೆ ವಿಷಯಕ್ಕೆ ಬರ್ತೇನೆ. ಹೊರಬದಿಯಲ್ಲಿ ಒಸರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡು. ತಿಳಿಯಾಗಿದ್ದರೆ ಕಾದು ನೋಡಬಹುದು, ಕೆಂಪಾಗಿದ್ದರೆ ಒಳಗಿನ ಮಣ್ಣು ಕೊಚ್ಚಿ ಬರ್ತಾ ಉಂಟು ಅಂತ ಲೆಕ್ಕ, ಆ ದಿನವೇ ಕೆಲಸ ಶುರುವಾಗಬೇಕು. ನೀರಿನ ಮಟ್ಟ ಒಂದೂವರೆ ಅಡಿ ಇಳಿಸು, ಆದರೆ ದಿನಕ್ಕೆ ಅರ್ಧ ಅಡಿಗಿಂತ ಹೆಚ್ಚು ಬೇಡ. ಗಡಿಬಿಡಿಯಲ್ಲಿ ಇಳಿಸಿದರೆ ನೆನೆದ ಒಳದಂಡೆ ತನ್ನ ಭಾರಕ್ಕೇ ಕುಸಿಯುತ್ತದೆ. ಕೋಡಿ ಪಕ್ಕ ಜರಿದದ್ದರ ಮೂಲ ಮೀನು ಹೊರಹೋಗದ ಹಾಗೆ ಕೋಡಿಗೆ ಹಾಕಿದ ಜಾಲರಿಯಲ್ಲೇ ಇರಬೇಕು. ಎಲೆ ಸಿಕ್ಕಿ ಜಾಲರಿ ಮುಚ್ಚಿ, ನೀರು ದಂಡೆ ಹತ್ತಿ ಇಳಿದಿದೆ. ನೇರ ನಿಲ್ಲಿಸಿದ ಜಾಲರಿ ಬೇಗ ಮುಚ್ಚಿಹೋಗ್ತದೆ, ಓರೆಯಾಗಿ ಅಗಲಕ್ಕೆ ಇಟ್ಟರೆ ಎಲೆ ಮೇಲಕ್ಕೆ ಜಾರ್ತದೆ. ಹಾಗಂತ ಜಾಲರಿಯನ್ನೇ ಕಿತ್ತುಬಿಡಬೇಡ. ನಿನ್ನಲ್ಲಿರುವ ಹೊರದೇಶದ ಮೀನುಗಳಾದ ರೂಪ್‌ಚಂದ್, ತಿಲಾಪಿಯಾ ತೋಡಿಗೆ ಇಳಿದರೆ ಸ್ವರ್ಣಾ ನದಿವರೆಗೆ ಅವಕ್ಕೆ ತಡೆ ಇಲ್ಲ.

ಜರಿದ ಜಾಗಕ್ಕೆ ಈಗ ಶಾಶ್ವತ ರಿಪೇರಿ ಮಾಡಲು ಹೋಗಬೇಡ, ನೆನೆದ ಮಣ್ಣನ್ನು ಎಷ್ಟು ಬಡಿದರೂ ಗಟ್ಟಿಯಾಗುವುದಿಲ್ಲ. ಸದ್ಯಕ್ಕೆ ಒಳಬದಿಗೆ ಟಾರ್ಪಾಲು ಹಾಸಿ ಅದರ ಮೇಲೆ ಮಣ್ಣಿನ ಚೀಲ ಸಾಕು. ಚೀಲ ಮುಕ್ಕಾಲಿಗಿಂತ ಕಮ್ಮಿ ತುಂಬಿಸು, ಆಗ ಒಂದಕ್ಕೊಂದು ಒತ್ತಿ ಕೂರ್ತದೆ. ಸಾಲು ತಪ್ಪಿಸಿ ಇಡು. ಡಿಸೆಂಬರ್ ಮೇಲೆ ಜರಿದ ಬಾಯಿಯ ಎರಡೂ ಬದಿ ಮೆಟ್ಟಿಲು ಕಡಿದು, ನಡುವೆ ಜೇಡಿಮಣ್ಣನ್ನು 15 ಸೆಂ.ಮೀ. ಪದರದಂತೆ ಹಾಕಿ ಬಡಿದು ಏರಿಸು. ಬರೀ ಮುರಕಲ್ಲಿನ (ಜಂಬಿಟ್ಟಿಗೆ) ಹುಡಿ ನೀರು ಹಿಡಿಯುವುದಿಲ್ಲ. ಅಕೇಶಿಯಾದ ಬೇರು ದಂಡೆಯೊಳಗೆ ಉಳಿದರೆ ಕೊಳೆತು ಪೈಪಿನಂತೆ ದಾರಿ ಮಾಡಿಕೊಡ್ತದೆ, ಅಗೆದು ತೆಗಿ. ಮತ್ತೆ ಆ ದಂಡೆ ಮೇಲೆ ಹುಲ್ಲು ಬಿಟ್ಟು ಬೇರೇನೂ ನೆಡಬೇಡ.

ಈಗ ನೀರು. ಬೆಳಿಗ್ಗೆ ಐದೂವರೆಗೆ, ಸೂರ್ಯ ಹುಟ್ಟುವ ಮೊದಲು, ಮೇಲಿನಿಂದ ಒಂದು, ತಳದಿಂದ ಒಂದಡಿ ಮೇಲೆ ಒಂದು, ಹೀಗೆ ಎರಡು ಕಡೆ ಆಮ್ಲಜನಕ ಅಳೆ. ಮಧ್ಯಾಹ್ನದ ಅಳತೆಯನ್ನು ನಂಬಿ ಕೆಟ್ಟವರೇ ಹೆಚ್ಚು, ಬಿಸಿಲಿಗೆ ಪಾಚಿ ಆಮ್ಲಜನಕ ಬಿಡುವುದರಿಂದ ಆಗ ಎಲ್ಲ ಕೆರೆಯೂ ಚೆನ್ನಾಗಿಯೇ ಕಾಣ್ತದೆ. ಲೀಟರಿಗೆ 5 ಮಿ.ಗ್ರಾಂ. ಇದ್ದರೆ ನೆಮ್ಮದಿ, 3ಕ್ಕೆ ಇಳಿದರೆ ಕಾಟ್ಲಾ, ರೋಹು ಮೇಲೆ ಬಂದು ಬಾಯಿ ತೆರೆಯುತ್ತವೆ. ಮುಗುಡು ಹೊರಗಿನ ಗಾಳಿಯನ್ನೇ ಕುಡಿದು ಬದುಕುವ ಜಾತಿ, ಅದು ಆರಾಮ ಇದೆ ಅಂತ ನೀರಿಗೆ ಸರ್ಟಿಫಿಕೇಟ್ ಕೊಡಬೇಡ. ಏರಿಯೇಟರ್ ಇಲ್ಲದ ರಾತ್ರಿ ಡೀಸೆಲ್ ಪಂಪಿನಿಂದ ಕೆರೆಯ ಮೇಲ್ನೀರನ್ನೇ ಎತ್ತಿ, ತೂತು ಹಾಕಿದ ತಗಡಿನ ಮೇಲಿಂದ ವಾಪಸ್ ಬೀಳಿಸು. ಪಂಪಿನ ಬಾಯಿ ತಳಕ್ಕೆ ಹೋದರೆ ಕಪ್ಪು ನೀರು ಮೇಲೆದ್ದು ಮೀನು ಬೇಗ ಸಾಯ್ತದೆ. ಮೂರು ದಿನ ಮೇವು ಪೂರ್ತಿ ನಿಲ್ಲಿಸು, ಆಮೇಲೆ ಅರ್ಧ.

ಮುರಕಲ್ಲಿನ ಗುಡ್ಡದಿಂದ ಇಳಿದ ಮಳೆನೀರು ಮೆದು, ಮೇಲಿಂದ ಎಲೆಯ ಹುಳಿ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಸೆಂಟ್ಸಿಗೆ 1 ಕೆ.ಜಿ. ಕೃಷಿ ಸುಣ್ಣ, ಅಂದರೆ ನಿನ್ನ ಎಕರೆಗೆ 100 ಕೆ.ಜಿ., ನೀರಲ್ಲಿ ಕಲಸಿ ಬೆಳಿಗ್ಗೆ ಎರಚು. ಸುಟ್ಟ ಸುಣ್ಣ ಮೀನಿರುವ ಕೆರೆಗೆ ಬೇಡವೇ ಬೇಡ. ಪಿಎಚ್ ಏಕಾಏಕಿ ಏರಿದರೆ ನೀರಲ್ಲಿರುವ ಅಮೋನಿಯಾ ವಿಷದ ರೂಪಕ್ಕೆ ತಿರುಗ್ತದೆ. ಕೆಂಪು ಕದಡಿಗೆ ಪಟಿಕ ಹಾಕಲು ಹೇಳುವವರಿದ್ದಾರೆ. ಮೊದಲು ಒಂದು ಬಾಟಲಿ ನೀರನ್ನು ರಾತ್ರಿಯಿಡೀ ಅಲುಗಿಸದೆ ಇಡು. ಮಣ್ಣು ತಳಕ್ಕೆ ಕೂತರೆ ಏನೂ ಬೇಡ, ಕೆರೆಯಲ್ಲೂ ಕೂರ್ತದೆ. ಕೂರದಿದ್ದರೆ ಬಕೆಟ್ಟಿನಲ್ಲಿ ಪರೀಕ್ಷೆ ಮಾಡಿಯೇ ಮುಂದುವರಿ. ಒಂದು ಎಕರೆ, ಐದಡಿ ಆಳ ಅಂದರೆ ಸುಮಾರು 60 ಲಕ್ಷ ಲೀಟರ್. ಲೀಟರಿಗೆ 10 ಮಿ.ಗ್ರಾಂ. ಅಂದರೂ 60 ಕೆ.ಜಿ. ಪಟಿಕ. ಅದು ಪಿಎಚ್ ಇಳಿಸ್ತದೆ, ಹಾಗಾಗಿ ಸುಣ್ಣಕ್ಕಿಂತ ಮೊದಲು ಹಾಕಬಾರದು.

ತಣ್ಣೀರಿನ ಟ್ರೌಟ್ ಮೀನಿಗೆ ಗಾಳ ಹಾಕಿಸುವ ಪಾರ್ಕಿನವರು ಗಾಳಿಮಳೆ ನಿಂತ ಎರಡೇ ದಿನಕ್ಕೆ ತೆರೀತಾರಲ್ಲ ಅಂತ ವಾದ ಮಾಡಬೇಡ. ಅವರದ್ದು 10ರಿಂದ 18 ಡಿಗ್ರಿಯ ಹರಿಯುವ ನೀರು. ಒಳಹರಿವಿನ ಜಾಲರಿ ಮುಚ್ಚಿದರೆ ಗಂಟೆಯೊಳಗೆ ಮೀನು ಸತ್ತಿರ್ತದೆ, ಉಳಿದರೆ ನೀರು ಬೇಗ ಬದಲಾಗಿ ಸರಿಯಾಗ್ತದೆ. ಟ್ರೌಟ್ ಮರಿ ಮಾಡುವ ಕೇಂದ್ರವಿರುವ ನೀಲಗಿರಿಯ ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 800 ಮಿ.ಮೀ. ಮೀರಿ ಮಳೆ ಬಂದಿತ್ತು. ಅಂಥ ಕಡೆ ಏನಾಗುವುದಿದ್ದರೂ ಆ ರಾತ್ರಿಯೇ ಆಗ್ತದೆ. ನಿನ್ನದು 28 ಡಿಗ್ರಿಯ ನಿಂತ ನೀರು, ಕೆಡುವುದೂ ನಿಧಾನ, ಸುಧಾರಿಸುವುದೂ ನಿಧಾನ.

ಹಾಗಾದರೆ ಯಾವಾಗ? ಸತತ ಮೂರು ಬೆಳಿಗ್ಗೆ ಆಮ್ಲಜನಕ 4ಕ್ಕಿಂತ ಮೇಲೆ, ಮೇಲೆದ್ದು ಬಾಯಿ ಬಿಡುವ ಮೀನಿಲ್ಲ, ಒಸರು ನೀರು ತಿಳಿ. ಇಷ್ಟಾದ ಮೇಲೆ ತೆಗಿ. ಅದಕ್ಕೂ ಮೊದಲು ಗಾಳಕ್ಕೆ ಸಿಕ್ಕಿ ಗುದ್ದಾಡಿದ ಮೀನನ್ನು ಎಷ್ಟು ನಾಜೂಕಾಗಿ ವಾಪಸ್ ಬಿಟ್ಟರೂ ಮರುದಿನ ಹೊಟ್ಟೆ ಮೇಲಾಗಿ ತೇಲ್ತದೆ. ಗಾಳ ಹಾಕುವವರು ನಿಲ್ಲುವ ಮರದ ಅಟ್ಟಣೆಯ ಕಂಬಗಳ ಬುಡಕ್ಕೆ ಕಬ್ಬಿಣದ ಸರಳು ಚುಚ್ಚಿ ನೋಡು, ಸಲೀಸಾಗಿ ಇಳಿದರೆ ಮಣ್ಣು ಕೊಚ್ಚಿಹೋಗಿದೆ, ಆ ಅಟ್ಟಣೆಗೆ ಹಗ್ಗ ಕಟ್ಟಿ ಮುಚ್ಚು. ಮಳೆ ಇನ್ನೂ ಮುಗಿದಿಲ್ಲ. ಆರೆಂಜ್ ಅಲರ್ಟ್ ಅಂದರೆ ದಿನಕ್ಕೆ 115.6 ಮಿ.ಮೀ.ಯಿಂದ ಮೇಲೆ, ಆ ದಿನ ಗೇಟು ಬಂದ್ ಅಂತ ಬೋರ್ಡಿನಲ್ಲೇ ಬರೆಸು. ಸಿಡಿಲಿಗೆ ಇನ್ನೂ ಕಟ್ಟುನಿಟ್ಟು ಬೇಕು, ಗಾಳದ ಕಾರ್ಬನ್ ರಾಡ್ ವಿದ್ಯುತ್ ಹರಿಸ್ತದೆ ಅನ್ನುವುದು ಗಾಳದವರಲ್ಲೇ ಹಲವರಿಗೆ ಗೊತ್ತಿಲ್ಲ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಎಲ್ಲರೂ ಕಟ್ಟಡದೊಳಗೆ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬಿಡಬೇಡ. ಟಿಕೆಟ್ ಕೌಂಟರಿನ ಹುಡುಗನ ಫೋನಿಗೆ ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಹಾಕಿಸು.

ಮುಂಗಡ ಕೊಟ್ಟವರ ದುಡ್ಡು ಈಗಲೇ ವಾಪಸ್ ಮಾಡು, ತಾರೀಕು ಮಾತ್ರ ಯಾರಿಗೂ ಕೊಡಬೇಡ. ಮೆಗ್ಗರ್ ಬೇಕಾದರೆ ನನ್ನಲ್ಲಿ ಉಂಟು, ಯಾರನ್ನಾದರೂ ಕಳಿಸು.

ನಿನ್ನ ಗೆಳೆಯ