ನರಗುಂದದ ಸಂಜೆ, ನಿನ್ನ ಮೂರನೇ ಪ್ಯಾರಾ

ಧಾರವಾಡ

ಪ್ರೀತಿಯ ತಮ್ಮಾ,

ನರಗುಂದ ಕೋಟೆಯ ಸೂರ್ಯಾಸ್ತದ ಚಿತ್ರ ನೋಡಿ ನೀನು ಬರೆದ ಬರಹ ಬಂದು ಮುಟ್ಟಿತು. ಆ ಚಿತ್ರವನ್ನು ನಾನೂ ನೋಡಿದ್ದೇನೆ. ಪ್ರದರ್ಶನದಲ್ಲಿ ಹುಡುಗರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು, ನಾನು ಪಕ್ಕದಿಂದ ಇಣುಕಬೇಕಾಯಿತು.

ಮೊದಲು ಒಂದು ಸಣ್ಣ ಜಗಳ. ಸೂರ್ಯ ಕೋಟೆಯ ಹಿಂದೆ ಇಳಿದ ಎಂದು ಬರೆದಿದ್ದೀಯ. ಮುಂದಿನ ಸಾಲಿನಲ್ಲೇ ಗೋಡೆ ಬಂಗಾರದಂತೆ ಹೊಳೆಯಿತು ಎನ್ನುತ್ತೀಯ. ದೀಪ ಬೆನ್ನ ಹಿಂದಿದ್ದರೆ ಮುಖ ಹೊಳೆಯುತ್ತದಾ? ಚಿತ್ರದಲ್ಲಿ ಆ ತಪ್ಪಿಲ್ಲ. ಗುಡ್ಡ, ಗೋಡೆ ಎರಡೂ ಮಬ್ಬು ನೀಲಿ. ಹೊಳೆಯುವುದು ಎರೆಹೊಲದಲ್ಲಿ ನಿಂತ ಮಳೆನೀರು ಮಾತ್ರ. ಸೂರ್ಯಾಸ್ತ ಅಂದರೆ ಬಂಗಾರ ಅನ್ನೋ ರೂಢಿಯ ಮೇಲೆ ನೀನು ಸುಮ್ನೆ ಬರೆದುಬಿಟ್ಟೆ, ಅಲ್ವಾ?

ಟರ್ನರ್ ಎಂಬ ಇಂಗ್ಲಿಷ್ ಚಿತ್ರಕಾರ ತನ್ನ ದೇಶದ ನೋರಂ ಕೋಟೆಯನ್ನು ಮೊದಲು ನೋಡಿದ್ದು 1797ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ. ಮತ್ತೆ ಮತ್ತೆ ಅದನ್ನೇ ಬರೆದ. 1845ರ ಸುಮಾರಿನ ಚಿತ್ರದಲ್ಲಿ ಕೋಟೆ ಬರೀ ನೀಲಿ ನೆರಳು, ಮುಂದೆ ನೀರಿನಲ್ಲಿ ಒಂದು ಆಕಳು. ಅದು ಬೆಳಗಿನ ಹೊತ್ತು, ಆದರೂ ಸೂರ್ಯ ಹಿಂದಿದ್ದರೆ ಲೆಕ್ಕ ಒಂದೇ.

ಇನ್ನು ಮೂರನೇ ಪ್ಯಾರಾ. ‘ರಕ್ತದಲ್ಲಿ ಅದ್ದಿದ ಸೂರ್ಯ.’ ಬೇರೆ ಊರಿನ ಕೋಟೆಯಾಗಿದ್ದರೆ ಬಿಡುತ್ತಿದ್ದೆ. ಇದು ನರಗುಂದ. 1858ರ ಬಂಡಾಯದಲ್ಲಿ ಅರಸ ಬಾಬಾಸಾಹೇಬನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ಕಡಿದು ತಂದು ಊರ ಅಗಸಿಗೆ ತೂಗುಹಾಕಿದರು. ಎರಡೇ ವಾರದಲ್ಲಿ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. 1980ರ ಜುಲೈ 21ರಂದು, ಮಲಪ್ರಭಾ ಕಾಲುವೆಯ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿದ್ದೂ ಇದೇ ಊರಲ್ಲಿ. ಈ ಊರಿನ ಹೆಸರಿನ ಪಕ್ಕ ರಕ್ತ ಎಂದು ಬರೆದರೆ ಹಿರಿಯರು ಕಿವಿಗೊಟ್ಟು ಕೂರುತ್ತಾರೆ. ನೀನು ಮೋಡದ ಬಣ್ಣ ಹೇಳಿ ಎದ್ದು ಹೋದರೆ ಅವರಿಗೆ ಸಿಟ್ಟು ಬರುತ್ತದೆ. ನನಗಂತೂ ಬಂತು.

ಬಣ್ಣವೇ ಬೇಕಿದ್ದರೆ ನಮ್ಮ ಕುಸುಬಿ ಹೂ ಇಲ್ವಾ? ಹೊಲದಲ್ಲಿ ಹಳದಿ ಇರುತ್ತದೆ, ಒಣಗುತ್ತಾ ಕೆಂಪಿಗೆ ತಿರುಗುತ್ತದೆ. ಆ ಚಿತ್ರದ ಆಕಾಶವೂ ಹಾಗೇ ಇತ್ತು. ಮುಳ್ಳು ಜಾಸ್ತಿ, ಮುಟ್ಟುವಾಗ ಹುಷಾರು.

ಭಾನುವಾರ ನರಗುಂದದ ಬಸ್ಸು ಹತ್ತು. ಹೊತ್ತು ಮುಳುಗುವುದಕ್ಕೆ ಒಂದು ತಾಸು ಮೊದಲೇ ಗುಡ್ಡದ ಬುಡದಲ್ಲಿರು. ಚಿತ್ರದ ಎಡ ಮೂಲೆಯಲ್ಲಿ ಒಬ್ಬ ಮುದುಕ ಎತ್ತು ಹೊಡೆದುಕೊಂಡು ಮನೆಗೆ ಹೊರಟಿದ್ದನಲ್ಲ, ನಿನ್ನ ಬರಹದಲ್ಲಿ ಅವನೇ ಇಲ್ಲ. ಅಂಥವರು ಯಾರಾದರೂ ಸಿಕ್ಕರೆ ಮಾತಾಡಿಸು. ಕೋಟೆಯ ವಿಷಯ ಕೇಳಬೇಡ, ಈ ಸಲ ಹೆಸರಿನ ಬೆಳೆ ಹೇಗೆ ಬಂದಿದೆ ಎಂದು ಕೇಳು. ತಿರುಗಿ ಬರುವಾಗ ಗಾಣದ ಕುಸುಬಿ ಎಣ್ಣೆ ಸಿಕ್ಕರೆ ನನಗೊಂದು ಲೀಟರ್ ತಾ, ರೊಕ್ಕ ಇಲ್ಲಿ ಕೊಡುತ್ತೇನೆ.

ನಿನ್ನ
ಕಾಕಾ