ಅಪ್ಪ ಅರ್ಧಕ್ಕೆ ಎದ್ದು ಹೋದರೆ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ದೀಪಾವಳಿಗೆ ಬಂದಾಗ ಅಪ್ಪ ಅಮ್ಮನ ಜೊತೆ ಚಾವಡಿಯಲ್ಲಿ ಕೂತು ನೋಡಲು ಯಾವ ಸಿನಿಮಾ ಆದೀತು ಅಂತ ಕೇಳಿದ್ದೀಯ. ಅದಷ್ಟೇ ಆಗಿದ್ದರೆ ಅವತ್ತೇ ಉತ್ತರ ಬರೆಯುತ್ತಿದ್ದೆ. ಸಹಿ ಹಾಕಿದ ಮೇಲೆ ಅಂಚಿನಲ್ಲಿ ಸಣ್ಣದಾಗಿ ಒಂದು ಸಾಲು ಬರೆದಿದ್ದೀಯಲ್ಲ, ಅಪ್ಪ ಅರ್ಧಕ್ಕೆ ಎದ್ದು ಹೋದರೆ ಅದೇ ರಾತ್ರಿ ಬಸ್ಸು ಹತ್ತುತ್ತೇನೆ, ಮತ್ತೆ ಆ ಮನೆಗೆ ಬರುವುದಿಲ್ಲ ಅಂತ. ಅದು ನನ್ನನ್ನು ಮಲಗಲು ಬಿಡುತ್ತಿಲ್ಲ.

ಹಾಗೆ ಎದ್ದು ಹೋಗುವುದು ಅಂದರೇನು ಅಂತ ನನಗೆ ಗೊತ್ತು. ಒಮ್ಮೆ ಎದ್ದು ಹೋದವಳು ನಾನೇ. ಇದನ್ನು ನಿನ್ನ ಮಾವನಿಗೂ ಹೇಳಿರಲಿಲ್ಲ.

2006ರ ಮಳೆಗಾಲ ಇರಬೇಕು. ನಮ್ಮ ಬ್ರಾಂಚಿನಲ್ಲಿ ಒಬ್ಬ ಹುಡುಗ ಇದ್ದ, ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದ. ಒಂದು ಭಾನುವಾರ ಊಟಕ್ಕೆ ಕರೆದಿದ್ದೆ. ಊಟ ಮುಗಿದ ಮೇಲೆ ಚೀಲದಿಂದ ಒಂದು ಡಿವಿಡಿ ತೆಗೆದು, ಇದನ್ನು ನಿಮ್ಮ ಜೊತೆ ಕೂತು ನೋಡಬೇಕು ಅಂತ ತಂದೆ ಅಕ್ಕಾ ಅಂದ. ಓನಿರ್ ಮಾಡಿದ ‘ಮೈ ಬ್ರದರ್ ನಿಖಿಲ್’. ಅದರ ಹಿಂದಿನ ವರ್ಷ ಬಂದದ್ದು. ಗೋವಾದ ಒಬ್ಬ ಈಜುಗಾರನಿಗೆ ಎಚ್‌ಐವಿ ಇದೆ ಅಂತ ಗೊತ್ತಾಗುತ್ತದೆ, ಅವನನ್ನು ಕೂಡಿಹಾಕುತ್ತಾರೆ, ಹೆತ್ತವರು ಕೈಬಿಡುತ್ತಾರೆ. ಬಿಡದೆ ನಿಲ್ಲುವವರು ಇಬ್ಬರೇ. ಅವನನ್ನು ಪ್ರೀತಿಸುವ ಹುಡುಗ, ಮತ್ತೆ ಒಡಹುಟ್ಟಿದವಳು. ಅವಳ ಪಾತ್ರ ಜೂಹಿ ಚಾವ್ಲಾ ಮಾಡಿದ್ದು.

ಆ ಇಬ್ಬರು ಹುಡುಗರ ನಡುವೆ ಏನು ಅಂತ ತಿಳಿಯುತ್ತಿದ್ದ ಹಾಗೆ ನಾನು ಹಾಲು ಉಕ್ಕೀತು ಅಂತ ಹೇಳಿ ಎದ್ದೆ. ಒಲೆಯ ಮೇಲೆ ಹಾಲೇ ಇರಲಿಲ್ಲ ಪುಟ್ಟಾ. ಅಡುಗೆಮನೆಯಲ್ಲಿ ನಿಂತು ಒರೆಸಿದ ಕಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದೆ. ಸಿನಿಮಾದ ಸದ್ದು ಕೇಳುತ್ತಿತ್ತು. ಅವನು ಒಬ್ಬನೇ ಕೊನೆಯವರೆಗೆ ನೋಡಿದ. ಆಮೇಲೆ ಒಳಗೆ ಬಂದು, ಕುಡಿದ ಲೋಟ ತೊಳೆದಿಟ್ಟು, ಬರ್ತೇನೆ ಅಂತ ಹೊರಟ. ಮರುದಿನದಿಂದ ನಾನು ಅವನಿಗೆ ಮೇಡಂ ಆದೆ. ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೋದ. ಈಗ ಎಲ್ಲಿದ್ದಾನೋ.

ಅಸಹ್ಯಪಟ್ಟು ಎದ್ದೆನಾ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಲ್ಲ. ಕೂತೇ ಇದ್ದರೆ ಅವನು ನನಗೆ ಏನೋ ಹೇಳುತ್ತಾನೆ, ನಾನು ಅದಕ್ಕೆ ಏನಾದರೂ ಅನ್ನಬೇಕಾಗುತ್ತದೆ, ಆ ಮಾತು ನನ್ನ ಹತ್ತಿರ ಇಲ್ಲ ಅನ್ನುವ ಹೆದರಿಕೆ. ಅಕ್ಕನ ಸಿನಿಮಾವನ್ನೇ ಹುಡುಕಿ ತಂದಿದ್ದ ಅನ್ನುವುದು ನನಗೆ ಹೊಳೆಯಲು ಹನ್ನೆರಡು ವರ್ಷ ಬೇಕಾಯಿತು. 2018ರ ಸೆಪ್ಟೆಂಬರ್ 6ರಂದು ಗಂಡು ಗಂಡನ್ನು ಪ್ರೀತಿಸಿ ಕೂಡುವುದು ಅಪರಾಧ ಅಲ್ಲ ಅಂತ 377ನೇ ಕಲಮಿನ ತೀರ್ಪು ಬಂತಲ್ಲ, ಟಿವಿಯಲ್ಲಿ ಕೋರ್ಟಿನ ಹೊರಗೆ ಮಕ್ಕಳು ಅಪ್ಪಿಕೊಂಡು ಅಳುತ್ತಿದ್ದರು. ಆಗ ನೆನಪಾದದ್ದು ಆ ತೊಳೆದಿಟ್ಟ ಲೋಟ.

ಇದನ್ನೆಲ್ಲ ಅಣ್ಣನ ಪರವಾಗಿ ವಕಾಲತ್ತು ಮಾಡಲು ಬರೆಯುತ್ತಿಲ್ಲ. ಎದ್ದು ಹೋದವರ ಬೆನ್ನು ನೋಡುತ್ತಾ ಕೂತವನಿಗೆ ಒಳಗಿನ ಕಾರಣ ಯಾವುದಾದರೇನು, ನೋವು ಒಂದೇ. ಆದರೂ ನೀನು ಬಸ್ಸು ಹತ್ತುವ ಮೊದಲು ಅಪ್ಪ ಎದ್ದು ಎಲ್ಲಿಗೆ ಹೋದ ಅಂತ ಒಮ್ಮೆ ನೋಡು. ಅವನು ಸಕ್ಕರೆ ಕಾಯಿಲೆಯವನು, ಎರಡು ಗಂಟೆಯಲ್ಲಿ ಮೂರು ಸಲ ಬಚ್ಚಲಿಗೆ ಹೋಗುತ್ತಾನೆ. ಕರೆಂಟು ಬಂದರೆ ತೋಟದ ಪಂಪು ಹಾಕಲು ಓಡುತ್ತಾನೆ. ನೀನು ಎದೆ ಗಟ್ಟಿ ಮಾಡಿಕೊಂಡು ಕೂತಿರುವಾಗ ಅವನ ಪ್ರತಿ ಏಳುವಿಕೆಯೂ ನಿನಗೆ ತೀರ್ಪಿನ ಹಾಗೆ ಕಾಣಬಹುದು ಅನ್ನುವುದೇ ನನ್ನ ಭಯ.

ಸಿನಿಮಾದ ವಿಷಯ. ನಾನೇನು ಬಲ್ಲವಳಲ್ಲ, ತಿಳಿದಷ್ಟು ಬರೆಯುತ್ತೇನೆ. ನಿನ್ನ ಪಟ್ಟಿಯಲ್ಲಿ ಮೊದಲಿಗೆ ‘ಅಲೀಗಢ್’ ಇದೆ. ಅದನ್ನು ಮೊದಲು ಹಾಕಬೇಡ. ಒಳ್ಳೆಯ ಸಿನಿಮಾ, ಮನೋಜ್ ಬಾಜಪೇಯಿ ಕತ್ತಲೆ ಕೋಣೆಯಲ್ಲಿ ಒಬ್ಬರೇ ಕೂತು ಲತಾ ಹಾಡಿಗೆ ದನಿಗೂಡಿಸುವುದನ್ನು ನೋಡಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಅದು ನಡೆದ ಕತೆ. ಗಂಡಸಿನ ಜೊತೆ ಇದ್ದರು ಅಂತ ಅಲೀಗಢದ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿರಸ್ ಅವರನ್ನು ಕೆಲಸದಿಂದ ಅಮಾನತು ಮಾಡಿದರು, ಅಲಹಾಬಾದ್ ಹೈಕೋರ್ಟು ಅವರ ಪರ ಹೇಳಿದ ಕೆಲವೇ ದಿನಕ್ಕೆ, 2010ರ ಏಪ್ರಿಲ್‌ನಲ್ಲಿ, ಮನೆಯಲ್ಲಿ ಹೆಣವಾಗಿ ಸಿಕ್ಕಿದರು. ಅಣ್ಣ ಅದನ್ನು ನೋಡಿದರೆ ಅವನಿಗೆ ತಿಳಿಯುವುದು ಒಂದೇ, ನನ್ನ ಮಗನೂ ಹೀಗೆ ಒಂಟಿಯಾಗಿ ಸಾಯುತ್ತಾನೆ ಅಂತ. ಆ ಭಯಕ್ಕೇ ಎದ್ದುಬಿಟ್ಟಾನು.

‘ಕಾದಲ್’ ಆಗಬಹುದು ಅನ್ನಿಸುತ್ತದೆ. ಜಿಯೋ ಬೇಬಿ ಮಾಡಿದ್ದು, 2023ರದು. ಕಾಸರಗೋಡಿಗೆ ಅಡಿಕೆ ವ್ಯಾಪಾರಕ್ಕೆ ಹೋಗಿ ಬಂದು ಅಣ್ಣನಿಗೆ ಮಲಯಾಳ ಬರುತ್ತದೆ, ಸಬ್‌ಟೈಟಲ್ ಓದಲು ಕಣ್ಣು ಕಿರಿದು ಮಾಡಬೇಕಾಗಿಲ್ಲ. ಮಮ್ಮುಟ್ಟಿ ಅಂದರೆ ಮೊದಲಿನಿಂದ ಅವನಿಗೆ ಇಷ್ಟ, ವಯಸ್ಸಿನಲ್ಲೂ ಎರಡೇ ವರ್ಷ ದೊಡ್ಡವರು. ಅಷ್ಟು ದೊಡ್ಡ ನಟ ತಾನೇ ದುಡ್ಡು ಹಾಕಿ ಆ ಪಾತ್ರ ಮಾಡಿದ್ದಾರೆ ಅಂದರೆ ಅಣ್ಣ ಸ್ವಲ್ಪ ಹೊತ್ತಾದರೂ ಕೂರುತ್ತಾನೆ. ಪಂಚಾಯತ್ ಚುನಾವಣೆಗೆ ನಿಂತ ಗಂಡ, ಅವನಿಗೆ ಗಂಡಸಿನ ಮೇಲೆ ಪ್ರೀತಿ ಅಂತ ಅದೇ ಹೊತ್ತಿಗೆ ವಿಚ್ಛೇದನ ಕೇಳುವ ಹೆಂಡತಿ. ಹೆಚ್ಚಿನದೆಲ್ಲ ನೋಟದಲ್ಲೇ ನಡೆಯುತ್ತದೆ, ಮುಜುಗರಪಟ್ಟು ಏಳಬೇಕಾದ್ದೇನೂ ಇಲ್ಲ. ಮತ್ತೆ ಅದರಲ್ಲಿ ಒಬ್ಬ ಮುದಿ ತಂದೆ ಇದ್ದಾನೆ. ಮಾತು ಕಡಿಮೆ. ಮಗನ ವಿಷಯ ಗೊತ್ತಿದ್ದೂ ಮದುವೆ ಮಾಡಿಸಿದ ಭಾರ ಹೊತ್ತವನು. ಅಣ್ಣ ಆ ಮುದುಕನನ್ನು ನೋಡಲಿ ಅಂತ ನನ್ನ ಆಸೆ. ಜ್ಯೋತಿಕಾ ಮಾಡಿದ ಆ ಹೆಂಡತಿ ಓಮನಳನ್ನೂ ನೋಡಲಿ, ಯಾಕೆ ಅಂತ ನಿನಗೆ ಗೊತ್ತು. ಕುಂದಾಪುರದ ಜಾತಕ ಇನ್ನೂ ಅಣ್ಣನ ಪೆಟ್ಟಿಗೆಯಲ್ಲೇ ಇದೆ.

ಅತ್ತಿಗೆಗೆ ಬೇಕಾದರೆ ‘ಈವ್ನಿಂಗ್ ಶ್ಯಾಡೋಸ್’ ಬೇರೆಯಾಗಿ, ಮಧ್ಯಾಹ್ನ ತೋರಿಸು. ಮಂಡ್ಯ ಕಡೆಯ ಶ್ರೀಧರ್ ರಂಗಾಯನ್ ಮಾಡಿದ್ದು. ಮಗ ಊರಿಗೆ ಬಂದು ತಾಯಿಗೆ ಹೇಳಿಕೊಳ್ಳುವ ಕತೆ. ಅತ್ತಿಗೆ ಅಳುತ್ತಾಳೆ, ಆದರೆ ಏಳುವುದಿಲ್ಲ.

ಒಂದು ಹೇಳಲು ಮರೆತೆ. ಸಂಚಾರಿ ವಿಜಯ್ ಅಪಘಾತದಲ್ಲಿ ತೀರಿಹೋದ ವರ್ಷ, 2021ರಲ್ಲಿ, ನಾನು ಅಲ್ಲಿಗೆ ಬಂದಿದ್ದಾಗ ಅವರು ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವಳ ಪಾತ್ರ ಮಾಡಿದ ‘ನಾನು ಅವನಲ್ಲ... ಅವಳು’ ಹಾಕಿದ್ದೆ. ಅದು ನಿನ್ನ ವಿಷಯ ಅಲ್ಲ, ಬೇರೆಯೇ ಬದುಕು, ನನಗೂ ಆ ವ್ಯತ್ಯಾಸ ತಡವಾಗಿ ತಿಳಿಯಿತು. ಆದರೆ ಅಣ್ಣ ಕೊನೆಯವರೆಗೆ ಕೂತಿದ್ದ. ಮುಗಿದ ಮೇಲೆ ಏನೂ ಹೇಳದೆ ಜಗಲಿಗೆ ಹೋಗಿ ತುಂಬ ಹೊತ್ತು ಕತ್ತಲಲ್ಲಿ ನಿಂತ. ಆದರೆ ಅಲ್ಲಿದ್ದದ್ದು ಬೇರೆಯವರ ಮಗು. ತನ್ನ ಮಗನ ಪಕ್ಕ ಕೂತಾಗಲೂ ಹಾಗೇ ಕೂರುತ್ತಾನೆ ಅಂತ ನಾನು ಮಾತು ಕೊಡಲಾರೆ.

ಹಬ್ಬದ ದಿನವೇ ಬೇಡ, ನೆಂಟರು ಬರುತ್ತಾರೆ. ಎರಡು ದಿನ ಕಳೆಯಲಿ. ಟ್ಯೂಬ್‌ಲೈಟ್ ಆರಿಸು, ಟಾಕೀಸಿನಲ್ಲಿ ಆದರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ಮನೆಯಲ್ಲಿ ಆ ಅನುಕೂಲ ನಾವೇ ಮಾಡಿಕೊಳ್ಳಬೇಕು. ಅವತ್ತೇ ಎಲ್ಲ ಹೇಳಿಬಿಡಬೇಕು ಅಂತಲೂ ಇಲ್ಲ, ಇದು ನಿನಗೆ ಹೇಡಿಯ ಮಾತು ಅನ್ನಿಸಿದರೆ ಬಿಟ್ಟುಬಿಡು. ಅಪ್ಪ ಎದ್ದರೆ ಟಿವಿ ಮಾತ್ರ ನಿಲ್ಲಿಸಬೇಡ. ಒಳಗೆ ನಿಂತು ಕೇಳುತ್ತಿರಬಹುದು, ನಾನು ಕೇಳುತ್ತಿದ್ದ ಹಾಗೆ.

ಬಸ್ಸಿನ ಟಿಕೆಟ್ ಮೊದಲೇ ಮಾಡಿಟ್ಟುಕೊಳ್ಳಬೇಡ. ಹೊರಡಲೇಬೇಕು ಅನ್ನಿಸಿದರೆ ನನ್ನ ಮನೆಗೆ ಬಾ. ಯಾವ ದಿನ ಅಂತ ಬರೆದು ತಿಳಿಸು, ನಾನು ಹಿಂದಿನ ದಿನವೇ ಅಲ್ಲಿಗೆ ಬಂದಿರುತ್ತೇನೆ. ಅಡುಗೆ ಕೆಲಸವೆಲ್ಲ ಮೊದಲೇ ಮುಗಿಸಿಟ್ಟು ನಿನ್ನ ಪಕ್ಕದಲ್ಲಿ ಕೂರುತ್ತೇನೆ.

ನಿನ್ನ
ಅತ್ತೆ